ಕಿಡ್ನಿಯಲ್ಲಿ ಬಿಳಿ ಗಡ್ಡೆ ಕಂಡಿದೆ, ಕ್ಯಾನ್ಸರಾ ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಅಮ್ಮನಿಗೆ 52 ವರ್ಷ. ಗ್ಯಾಸ್ಟ್ರಿಕ್ ಅಂತ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದೆವು. ಬಲ ಕಿಡ್ನಿಯಲ್ಲಿ 2.1 ಸೆಂ.ಮೀ. ಗಡ್ಡೆ ಬೆಳ್ಳಗೆ ಕಾಣುತ್ತಿದೆಯಂತೆ. 'ಆಂಜಿಯೋಮಯೋಲಿಪೋಮಾ ಇರಬಹುದು, ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಿ' ಎಂದು ಬರೆದಿದ್ದಾರೆ. ಎರಡು ದಿನದಿಂದ ಅಮ್ಮ ಸರಿಯಾಗಿ ಊಟ ಮಾಡಿಲ್ಲ. ಕಿಡ್ನಿ ತೆಗೆಸಬೇಕಾಗುತ್ತಾ?

ಉತ್ತರ (ಯೂರಾಲಜಿಸ್ಟ್): ಮೊದಲು ಅಮ್ಮನಿಗೆ ಊಟ ಮಾಡಿಸಿ. ಕ್ಯಾನ್ಸರ್ ಇದೆ ಅಂತ ಈ ರಿಪೋರ್ಟ್ ಹೇಳುತ್ತಿಲ್ಲ. ರಕ್ತನಾಳ, ಸ್ನಾಯು, ಕೊಬ್ಬು ಮೂರೂ ಸೇರಿ ಬೆಳೆದ ಗಡ್ಡೆಗೆ ಆ ಉದ್ದದ ಹೆಸರು. ನಡುವಯಸ್ಸಿನ ಹೆಂಗಸರಲ್ಲಿ ಜಾಸ್ತಿ. ಕೊಬ್ಬಿರುವುದರಿಂದ ಅಲ್ಟ್ರಾಸೌಂಡ್‌ನಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆದರೆ ಕೆಲವು ಸಣ್ಣ ಕ್ಯಾನ್ಸರ್ ಗಡ್ಡೆಗಳೂ ಹಾಗೇ ಕಾಣುತ್ತವೆ. ಆ ಸಾಲು ಬರೆದದ್ದು ಅದಕ್ಕೇ.

ಈಗ ಸಿ.ಟಿ. ಮಾಡಿಸಿ. ಅದರಲ್ಲಿ ಡೈ (ಚಿತ್ರ ಸ್ಪಷ್ಟವಾಗಲು ನರಕ್ಕೆ ಚುಚ್ಚುವ ಔಷಧಿ) ಕೊಡುವ ಮೊದಲು ತೆಗೆಯುವ ಚಿತ್ರ ಬಹಳ ಮುಖ್ಯ. ಸಿ.ಟಿ. ಅಳತೆಯಲ್ಲಿ ನೀರಿಗೆ 0, ಕೊಬ್ಬು ಮೈನಸ್‌ಗೆ ಇಳಿಯುತ್ತದೆ. ಗಡ್ಡೆಯೊಳಗೆ ಮೈನಸ್ 10ಕ್ಕಿಂತ ಕೆಳಗಿನ ಜಾಗ ಸಿಕ್ಕು, ಕ್ಯಾಲ್ಸಿಯಂ ಕಲೆ ಇಲ್ಲದಿದ್ದರೆ ಹೆಚ್ಚುಕಡಿಮೆ ನಿಶ್ಚಿಂತೆ. ಇಷ್ಟು ಸಣ್ಣದಕ್ಕೆ ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಸಾಮಾನ್ಯವಾಗಿ ಸಾಕು. 4 ಸೆಂ.ಮೀ. ದಾಟಿದರೆ ಒಳಗೇ ರಕ್ತ ಸೋರುವ ಭಯ ಇರುತ್ತದೆ. ಆಗ ಚಿಕಿತ್ಸೆಯ ಮಾತು.

ಪ್ರಶ್ನೆ: ಕೊಬ್ಬು ಕಾಣದಿದ್ದರೆ? ಪರೀಕ್ಷೆಗೆ ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತೆ ಅಂತಾರೆ ಚಿಕ್ಕಮ್ಮ.

ಉತ್ತರ: ಕೊಬ್ಬು ತೀರಾ ಕಡಿಮೆ ಇರುವಂಥವೂ ಇವೆ. ಆಂಕೋಸೈಟೋಮಾ ಅಂತ ಇನ್ನೊಂದು ಗಡ್ಡೆ, ಅದೂ ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಬರೀ ಸ್ಕ್ಯಾನ್ ನೋಡಿ ಕ್ಯಾನ್ಸರಿನಿಂದ ಬೇರೆ ಮಾಡುವುದು ನಮಗೂ ಕಷ್ಟ. ಅಲ್ಲಿ ಬಯಾಪ್ಸಿ, ಅಂದರೆ ಸೂಜಿಯಿಂದ ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ, ನೆರವಾಗುತ್ತದೆ. ಸೂಜಿಯ ದಾರಿಯಲ್ಲಿ ಹರಡುವುದು ತೀರಾ ಅಪರೂಪ. ಚಿಕ್ಕಮ್ಮನಿಗೆ ಧೈರ್ಯ ಹೇಳಿ.

ಇನ್ನೊಬ್ಬ ಸದಸ್ಯೆ: ನಮ್ಮ ಮಾವನವರಿಗೆ ಕ್ಯಾನ್ಸರ್ ಅಂತ ಕಿಡ್ನಿ ತೆಗೆದರು. ಆಮೇಲೆ ಬಯಾಪ್ಸಿಯಲ್ಲಿ ಅಲ್ಲ ಅಂತ ಬಂತು. ಎಕ್ಸ್.ಜಿ.ಪಿ. ಅನ್ನೋ ಕಿಡ್ನಿ ಸೋಂಕಂತೆ. ಸುಮ್ನೆ ತೆಗೆದುಬಿಟ್ರಾ ಅಂತ ಮನಸ್ಸಿಗೆ ನೋವಿದೆ.

ಉತ್ತರ: ಆ ನೋವು ಅರ್ಥವಾಗುತ್ತದೆ, ಅಮ್ಮಾ. ಅವರಿಗೆ ಹಳೇ ಕಲ್ಲು ಇತ್ತಲ್ವಾ? ಎಕ್ಸ್.ಜಿ.ಪಿ.ಯಲ್ಲಿ ಸಾಮಾನ್ಯವಾಗಿ ಕಲ್ಲು ಅಡ್ಡ ನಿಂತು, ವರ್ಷಗಟ್ಟಲೆ ಸೋಂಕಾಗಿ, ಕಿಡ್ನಿ ಒಳಗೇ ಹಾಳಾಗಿರುತ್ತದೆ. ಸುತ್ತಲಿನ ಕೊಬ್ಬಿಗೂ ಹಬ್ಬುವುದರಿಂದ ನೋಡಲು ಥೇಟ್ ಕ್ಯಾನ್ಸರ್. ಆದರೆ ಹೆಚ್ಚಿನವರಲ್ಲಿ ಅಷ್ಟರಲ್ಲಿ ಆ ಕಿಡ್ನಿ ಕೆಲಸ ನಿಲ್ಲಿಸಿರುತ್ತದೆ. ಎಕ್ಸ್.ಜಿ.ಪಿ. ಅಂತ ಮೊದಲೇ ಗೊತ್ತಾದರೂ ಬಹುತೇಕ ತೆಗೆಯುವುದೇ ಚಿಕಿತ್ಸೆ. ಈಗ ಅವರ ಇನ್ನೊಂದು ಕಿಡ್ನಿಯಲ್ಲಿ ಕಲ್ಲು ಇದೆಯಾ ನೋಡಿಸಿ.

ಮೊದಲು ಕೇಳಿದವರೇ, ಸಿ.ಟಿ. ಆದ ಮೇಲೆ ಅಮ್ಮನ ಹೆಸರು ಮುಚ್ಚಿ ರಿಪೋರ್ಟ್ ಇಲ್ಲೇ ಹಾಕಿ. ನೋಡುತ್ತೇನೆ.