ಸೈಬರ್‌ಸ್ಕ್ವಾಟಿಂಗ್‌ಗೆ ‘ಒತ್ತುವರಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ನನ್ನ ಅಕ್ಕ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡಿ ಮಾರುತ್ತಾಳೆ. ಅವಳ ಬ್ರ್ಯಾಂಡಿಗೆ ಟ್ರೇಡ್‌ಮಾರ್ಕ್ ಇದೆ. ವೆಬ್‌ಸೈಟ್ ಮಾಡಲು ಹೊರಟರೆ ಅದೇ ಹೆಸರಿನ ಡಾಟ್ ಇನ್ ಡೊಮೈನನ್ನು (ವೆಬ್ ವಿಳಾಸವನ್ನು) ಯಾರೋ ಮೊದಲೇ ಕೊಂಡು ಸುಮ್ನೆ ಇಟ್ಟುಕೊಂಡಿದ್ದಾರೆ. ಬಿಟ್ಟುಕೊಡಲು ದೊಡ್ಡ ಮೊತ್ತ ಕೇಳುತ್ತಿದ್ದಾರೆ. ಇದಕ್ಕೇ ಇಂಗ್ಲಿಷಿನಲ್ಲಿ ಸೈಬರ್‌ಸ್ಕ್ವಾಟಿಂಗ್ ಅನ್ನುತ್ತಾರೆ.

ಅಮ್ಮನಿಗೆ ಇದನ್ನು ವಿವರಿಸುವಾಗ ‘ಡೊಮೈನ್ ಒತ್ತುವರಿ’ ಅಂದೆ. “ಆ ಜಾಗ ಮೊದಲು ನಮ್ಮ ಹೆಸರಲ್ಲಿತ್ತಾ?” ಅಂತ ಕೇಳಿದಳು. ಇರಲಿಲ್ಲ. ಒತ್ತುವರಿ ಅಂದರೆ ಇನ್ನೊಬ್ಬರದೋ ಸರ್ಕಾರದ್ದೋ ಜಾಗವನ್ನು ಗಡಿ ದಾಟಿ ಸೇರಿಸಿಕೊಳ್ಳುವುದು. ಇಲ್ಲಿ ಹೆಸರು ಖಾಲಿ ಇತ್ತು, ಮೊದಲು ಬಂದವರು ದುಡ್ಡು ಕಟ್ಟಿ ತಗೊಂಡರು. ತಪ್ಪು ಇರುವುದು ಉದ್ದೇಶದಲ್ಲಿ.

ಆಗ ನೆನಪಾದದ್ದು ಕುಮ್ಕಿ. ನಮ್ಮ ಜಿಲ್ಲೆಯಲ್ಲಿ ವರ್ಗ ಜಾಗಕ್ಕೆ, ಅಂದರೆ ಸ್ವಂತ ಪಟ್ಟಾ ಜಾಗಕ್ಕೆ, ತಾಗಿದ ಸರ್ಕಾರಿ ಜಾಗವದು. ನಮ್ಮ ಸ್ವಂತದ್ದಲ್ಲ, ಆದರೆ ಸೊಪ್ಪು, ಸೌದೆ ತರುವ ಸವಲತ್ತು ವರ್ಗದಾರನಿಗಿದೆ. ಹೊರಗಿನವರು ಅಲ್ಲಿ ಬೇಲಿ ಹಾಕಿದರೆ ಕೇಳುವ ಹಕ್ಕೂ ಇದೆ ಅಂತಲೇ ಇಲ್ಲಿನವರ ಭಾವನೆ. ಟ್ರೇಡ್‌ಮಾರ್ಕಿಗೂ ಡೊಮೈನಿಗೂ ಇರುವ ನಂಟು ನನಗೆ ಹಾಗೇ ಕಾಣುತ್ತದೆ. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಸಿಗಬಹುದು ಅಂತ 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಾಗಾಗಿ ‘ಹೆಸರಿಗೆ ಬೇಲಿ ಹಾಕುವುದು’ ಅಂದರೆ ಹೇಗೆ? ಆದರೆ ಬೇಲಿ ಅಂದರೆ ಕಾವಲು ಅಂತಲೂ ಆಗುತ್ತದೆ, ಅಲ್ವಾ? ಘಟ್ಟದ ಮೇಲಿನವರಿಗೆ ಇದು ಹೇಗೆ ಕೇಳಿಸುತ್ತದೆ ಅಂತ ತಿಳಿಯಬೇಕಿತ್ತು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯ. ಇಂಥ ಡೊಮೈನ್ ದೂರುಗಳ ಬಗ್ಗೆ ಊರಿನ ಸಣ್ಣ ವ್ಯಾಪಾರಿಗಳಿಗಾಗಿ ಎರಡು ಪುಟದ ಮಾಹಿತಿ ಬರೆಯುತ್ತಿದ್ದೇನೆ. ಆ ದೂರಿನ ನಿಯಮಗಳಲ್ಲಿ ಬರುವ ‘ಬ್ಯಾಡ್ ಫೇತ್’ ಅನ್ನುವುದಕ್ಕೆ ‘ಕೆಟ್ಟ ನಂಬಿಕೆ’ ಅಂತ ಬರೆದರೆ ಮೂಢನಂಬಿಕೆಯ ಹಾಗೆ ಕೇಳಿಸುತ್ತದೆ. ‘ದುರುದ್ದೇಶ’ವೇ ಸರಿ. ತೊಡಕು ಕ್ರಿಯಾಪದದ್ದು. ಡಾಟ್ ಕಾಮ್‌ನಂಥ ಹೆಸರುಗಳಿಗೆ ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಅಂತಾರಾಷ್ಟ್ರೀಯ ಸಂಸ್ಥೆ ಐಕ್ಯಾನ್ 1999ರಲ್ಲಿ ತಂದ ನಿಯಮದಲ್ಲಿ ದುರುದ್ದೇಶದಿಂದ ನೋಂದಾಯಿಸಿರಬೇಕು ‘ಮತ್ತು’ ಬಳಸುತ್ತಿರಬೇಕು. ಡಾಟ್ ಇನ್ ದೂರುಗಳನ್ನು ನೋಡುವ ಭಾರತದ ಸಂಸ್ಥೆ ನಿಕ್ಸಿಯ ನಿಯಮದಲ್ಲಿ ಆ ಜಾಗದಲ್ಲಿ ‘ಅಥವಾ’ ಇದೆ. ನಾನು ಮೊದಲು ‘ದುರುದ್ದೇಶದಿಂದ ಕೊಂಡು ಬಳಸುತ್ತಿದ್ದರೆ’ ಅಂತ ಬರೆದಿದ್ದೆ. ‘ಕೊಂಡು’ ಅಂದ ಕೂಡಲೇ ಎರಡೂ ಆಗಲೇಬೇಕು ಅನ್ನುವ ಅರ್ಥ ಬಂತು. ಅಕ್ಕನ ಹೆಸರನ್ನು ಕೊಂಡವರು ಅದರಲ್ಲಿ ಏನನ್ನೂ ನಡೆಸುತ್ತಿಲ್ಲ. ನನ್ನ ವಾಕ್ಯ ಓದಿದ್ದರೆ ಅವಳು ದೂರು ಕೊಡುವುದನ್ನೇ ಬಿಡುತ್ತಿದ್ದಳೇನೋ.

ಈಗ ‘ದುರುದ್ದೇಶದಿಂದ ಕೊಂಡಿದ್ದರೂ ಸಾಕು, ಬಳಸುತ್ತಿದ್ದರೂ ಸಾಕು’ ಅಂತ ತಿದ್ದಿದ್ದೇನೆ. ಇದಕ್ಕಿಂತ ಚಿಕ್ಕದಾಗಿ, ಅರ್ಥ ಕೆಡದಂತೆ ಹೇಳಲು ಸಾಧ್ಯವಾ?