1999ರ ಸ್ಕೂಲ್ ಬಸ್ಸು, ಕೊಲಂಬಸ್‌ನಿಂದ ಡಲ್ಲಾಸ್‌ಗೆ: ಓಡಿಸಿಕೊಂಡೇ ಬರಬಹುದಾ?

ಪ್ರಶ್ನೆ:
ಓಹಾಯೋದ ಕೊಲಂಬಸ್ ಹತ್ತಿರ ಹರಾಜಿನಲ್ಲಿ 1999ರ ಇಂಟರ್‌ನ್ಯಾಷನಲ್ 3800 ಸ್ಕೂಲ್ ಬಸ್ಸು ಸಿಕ್ಕಿದೆ. ಟಿ444ಇ ಡೀಸೆಲ್ ಎಂಜಿನ್, ಆಲಿಸನ್ ಎಟಿ545 ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಏರ್ ಬ್ರೇಕ್. ಡಲ್ಲಾಸ್‌ಗೆ ತಂದು ಕ್ಯಾಂಪರ್ (ಒಳಗೇ ಉಳಿದುಕೊಳ್ಳುವ ಪ್ರವಾಸದ ಗಾಡಿ) ಮಾಡುವ ಯೋಚನೆ. ಸುಮಾರು 1,050 ಮೈಲಿ ದಾರಿ. ಹೊರಡುವ ಮುಂಚೆ ಏನು ನೋಡಬೇಕು, ಜೊತೆಗೆ ಏನಿಟ್ಟುಕೊಳ್ಳಬೇಕು? ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ (ಡೀಸೆಲ್ ಮೆಕ್ಯಾನಿಕ್):
ಬರಬಹುದು ಸಾರ್. ಆದರೆ “ಮೊನ್ನೆವರೆಗೂ ಮಕ್ಕಳನ್ನ ಕರ್ಕೊಂಡು ಹೋಗ್ತಿತ್ತು” ಅಂತ ಮಾರುವವರು ಹೇಳಿದರೆ ಅದನ್ನೇ ನಂಬಿ ಹೊರಡಬೇಡಿ. ಸ್ಕೂಲ್ ಬಸ್ಸು ಊರೊಳಗೆ ನಿಂತು ನಿಂತು ಓಡಿದ ಗಾಡಿ. ಒಂದೇ ಸಮನೆ ನಾಲ್ಕು ಗಂಟೆ ಹೈವೇಯಲ್ಲಿ ಓಡುವುದು ಅದಕ್ಕೆ ಹೊಸದು. ಹಳೇ ಟೈರು, ಹಳೇ ಹೋಸು, ಟ್ಯಾಂಕಿನ ತಳದ ಕೊಳೆ, ಎಲ್ಲದರ ಬಣ್ಣ ಆಗ ಬಯಲಾಗುತ್ತದೆ.

ಮೊದಲು ಟೈರು. ಟೈರಿನ ಪಕ್ಕದಲ್ಲಿ ಒತ್ತಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2316 ಎಂದಿದ್ದರೆ 2016ರ 23ನೇ ವಾರದ್ದು. ಟ್ರೆಡ್ (ಮೇಲಿನ ಗೀರು) ಎಷ್ಟೇ ಚೆನ್ನಾಗಿದ್ದರೂ ಏಳೆಂಟು ವರ್ಷ ದಾಟಿದ ಟೈರನ್ನು ಮುಂದಿನ ಚಕ್ರದಲ್ಲಿಟ್ಟು ಇಷ್ಟು ದೂರ ಓಡಿಸುವುದು ಬೇಡ. ಮುಂದೆ ಸಿಡಿದರೆ ಸ್ಟೀರಿಂಗ್ ಕೈಗೆ ಸಿಗುವುದಿಲ್ಲ. ಮುಂದಿನವು ಕನಿಷ್ಠ 4/32 ಇಂಚು, ಹಿಂದಿನವು 2/32 ಇಂಚು ಟ್ರೆಡ್ ಆಳ ಇರಬೇಕು. ಹಿಂದಿನ ಜೋಡಿಯಲ್ಲಿ ಒಳಗಿನ ಟೈರಿಗೂ ಗೇಜ್ ಹಿಡಿದೇ ನೋಡಿ. ಅದು ಗಾಳಿ ಇಳಿದಿದ್ದರೂ ಹೊರಗಿನದು ಆತುಕೊಂಡು ನಿಂತಿರುತ್ತದೆ, ಕಣ್ಣಿಗೆ ಕಾಣಿಸದು.

ಆಮೇಲೆ ಏರ್ ಬ್ರೇಕಿನ ಗಾಳಿ. ಚಕ್ರಕ್ಕೆ ಅಡ್ಡ ಕೊಟ್ಟು ಎಂಜಿನ್ ಓಡಿಸಿ. 120–125 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಹತ್ತಿರ, ಗಾಳಿ ತುಂಬುವುದನ್ನು ನಿಲ್ಲಿಸುವ ಗವರ್ನರ್ ಕಟ್ ಆಗಿ “ಟುಸ್” ಎನ್ನಬೇಕು (ನಮ್ಮೂರಿನ ಕೆಂಪು ಬಸ್ಸಿನಲ್ಲಿ ಓಡಾಡಿದವರಿಗೆ ಈ ಸದ್ದು ಪರಿಚಯ). ಎಂಜಿನ್ ಆರಿಸಿ, ಪಾರ್ಕಿಂಗ್ ಬ್ರೇಕ್ ಬಿಟ್ಟು ಒಂದು ನಿಮಿಷ ನೋಡಿ: 2 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಬ್ರೇಕ್ ಪೆಡಲ್ ಒತ್ತಿ ಹಿಡಿದಾಗ ನಿಮಿಷಕ್ಕೆ 3. ಕೀ ಆನ್ ಮಾಡಿ ಪೆಡಲ್ ಪಂಪ್ ಮಾಡುತ್ತಾ ಹೋದರೆ 60ರ ಆಸುಪಾಸಿನಲ್ಲಿ ಬಜರ್ ಬರಬೇಕು, 45ರಿಂದ 20ರ ನಡುವೆ ಪಾರ್ಕಿಂಗ್ ಬ್ರೇಕಿನ ಹಳದಿ ಗುಬುಟು ತಾನೇ ಹೊರಗೆ ಜಿಗಿಯಬೇಕು. ಮತ್ತೆ ಸ್ಟಾರ್ಟ್ ಮಾಡಿ ತುಸು ರೇಸ್ ಕೊಟ್ಟರೆ 85ರಿಂದ 100ಕ್ಕೆ 45 ಸೆಕೆಂಡಿನೊಳಗೆ ಏರಬೇಕು. ಗಾಳಿ ಟ್ಯಾಂಕುಗಳ ಡ್ರೈನ್ ತೆರೆದು ನೀರು ಬಿಡಿ. ಎಣ್ಣೆ ಜಾಸ್ತಿ ಬಂದರೆ ಕಂಪ್ರೆಸರ್ ಸವೆದಿದೆ ಎಂದರ್ಥ.

ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಹಾಕುವ ಓಹಾಯೋದ ಗಾಡಿ ಅಂದಮೇಲೆ ಉಪ್ಪಿನ ತುಕ್ಕು ಇದ್ದೇ ಇರುತ್ತದೆ. ಕೆಳಗೆ ಮಲಗಿ ಬ್ರೇಕ್ ಲೈನು, ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಕೊಂಡಿ), ಡೀಸೆಲ್ ಟ್ಯಾಂಕಿನ ಪಟ್ಟಿ, ಈ ಮೂರನ್ನಾದರೂ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ.

ಉತ್ತರ (ಇದೇ ಎಂಜಿನ್ ಬಲ್ಲವರು):
ಟಿ444ಇ ಗಟ್ಟಿ ಎಂಜಿನ್, ಆದರೆ ಎಂಜಿನ್ ಎಲ್ಲಿಗೆ ತಿರುಗಿದೆ ಅಂತ ಕಂಪ್ಯೂಟರಿಗೆ ತಿಳಿಸುವ ಕ್ಯಾಮ್ ಪೊಸಿಷನ್ ಸೆನ್ಸರ್ ಹೇಳದೆ ಕೇಳದೆ ಕೈಕೊಡುತ್ತದೆ. ಓಡುತ್ತಿರುವಾಗಲೇ ಎಂಜಿನ್ ಆರಿಹೋಗುತ್ತದೆ. ಬೆಲೆ ಕಡಿಮೆ, ಹೊಸದೊಂದು ಇಟ್ಟುಕೊಳ್ಳಿ. ಇದರ ಇಂಜೆಕ್ಟರ್ ಕೆಲಸ ಮಾಡುವುದೇ ಎಂಜಿನ್ ಆಯಿಲಿನ ಒತ್ತಡದಿಂದ, ಹಾಗಾಗಿ ಆಯಿಲ್ ಮಟ್ಟ ಕಡಿಮೆಯಾದರೆ ಎಂಜಿನ್ ತಡವರಿಸುತ್ತದೆ. ಡೀಸೆಲ್ ಹಾಕಿಸುವಾಗಲೆಲ್ಲ ಡಿಪ್‌ಸ್ಟಿಕ್ ನೋಡಿ.

ನಿಂತ ಬಸ್ಸಿನ ಡೀಸೆಲ್ ಟ್ಯಾಂಕಿನಲ್ಲಿ ಪಾಚಿಯಂಥ ಲೋಳೆ, ಕೆಸರು ಕೂತಿರುತ್ತದೆ, ಕುಲುಕಾಡಿದಾಗ ಎದ್ದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಏರಿನಲ್ಲಿ ಎಳೆತ ಕಡಿಮೆಯಾಗಿ ಸಮತಟ್ಟಿನಲ್ಲಿ ಸರಿಹೋದರೆ ಮೊದಲ ಅನುಮಾನ ಅದರ ಮೇಲೆ. ಎರಡು ಫ್ಯೂಯೆಲ್ ಫಿಲ್ಟರ್, ಒಂದು ಫ್ಯಾನ್ ಬೆಲ್ಟ್, ಎರಡು ಗ್ಯಾಲನ್ 15ಡಬ್ಲ್ಯೂ-40 ಎಂಜಿನ್ ಆಯಿಲ್, ಗೇರ್‌ಬಾಕ್ಸಿಗೆ ಒಂದು ಗ್ಯಾಲನ್ ಡೆಕ್ಸ್ರಾನ್ ಆಯಿಲ್, ಎರಡು ಗ್ಯಾಲನ್ ಕೂಲಂಟ್, ಹೋಸ್ ಕ್ಲಾಂಪ್, ಫ್ಯೂಸ್ ಇರಲಿ.

ಸೀಟಿನ ಕೆಳಗಿನ ಹೀಟರುಗಳಿಗೆ ಹೋಗುವ ಉದ್ದದ ಹೋಸು ಒಡೆದರೆ ಕೂಲಂಟೆಲ್ಲ ನೆಲದ ಪಾಲು. ಎಂಜಿನ್ ಹತ್ತಿರ ಅದಕ್ಕೆ ವಾಲ್ವ್ ಇರುತ್ತದೆ. ಚಳಿಗಾಲವಲ್ಲದಿದ್ದರೆ ಮುಚ್ಚಿಬಿಡಿ.

ಇನ್ನೊಂದು: ಸ್ಟಾರ್ಟರ್ ಸದ್ದೇ ಮಾಡದಿದ್ದರೆ ಬ್ಯಾಟರಿಯನ್ನು ಬೈಯುವ ಮುಂಚೆ ಹಿಂದಿನ ತುರ್ತು ಬಾಗಿಲ ಚಿಲಕ ನೋಡಿ. ಅದು ಲಾಕ್ ಆಗಿದ್ದರೆ ಸ್ಟಾರ್ಟ್ ಆಗದಂತೆ ಬಹಳ ಬಸ್ಸುಗಳಲ್ಲಿ ಇಂಟರ್‌ಲಾಕ್ ಇರುತ್ತದೆ.

ಉತ್ತರ (ಕಾಗದಪತ್ರದ ಬಗ್ಗೆ):
ಟೈಟಲ್ (ಮಾಲೀಕತ್ವದ ಪತ್ರ), ಬಿಲ್ ಆಫ್ ಸೇಲ್, ತಾತ್ಕಾಲಿಕ ಪರ್ಮಿಟ್, ಇವು ಮೂರೂ ಕೈಯಲ್ಲಿರಲಿ. ಇನ್ಶೂರೆನ್ಸೇ ನಿಜವಾದ ತಲೆನೋವು, ಕ್ಯಾಂಪರ್ ಆಗದ ಬಸ್ಸನ್ನು ಅನೇಕರು ಮುಟ್ಟುವುದಿಲ್ಲ. ವಿನ್ (ಗಾಡಿಯ ಗುರುತಿನ) ಸಂಖ್ಯೆ ಕೊಟ್ಟು ಪಾಲಿಸಿ ಖಚಿತವಾದ ಮೇಲೆಯೇ ವಿಮಾನದ ಟಿಕೆಟ್ ತೆಗೆಯಿರಿ. ಟೋಯಿಂಗ್ ಸೌಲಭ್ಯವಿದ್ದರೆ ಇಷ್ಟು ಉದ್ದ, ಇಷ್ಟು ತೂಕದ ಗಾಡಿಗೆ ಅನ್ವಯಿಸುತ್ತದಾ ಅಂತ ಬರಹದಲ್ಲೇ ಕೇಳಿ.

ಡ್ರೈವರ್ ಸೀಟಿನ ಬಳಿಯ ತಗಡಿನಲ್ಲಿ ಜಿವಿಡಬ್ಲ್ಯೂಆರ್ (ತಯಾರಕರು ನಿಗದಿ ಮಾಡಿದ, ಭರ್ತಿ ಗಾಡಿಯ ಗರಿಷ್ಠ ತೂಕ) ನೋಡಿ. 26,000 ಪೌಂಡ್ ದಾಟಿದರೆ ಟೆಕ್ಸಸ್‌ನಲ್ಲಿ ಸ್ವಂತ ಆರ್‌ವಿಗೂ (ಕ್ಯಾಂಪರ್ ಬಗೆಯ ಗಾಡಿ) ಸಾಮಾನ್ಯ ಕ್ಲಾಸ್ ಸಿ ಲೈಸೆನ್ಸ್ ಸಾಲದು, ಸಿಡಿಎಲ್ (ವಾಣಿಜ್ಯ ಲೈಸೆನ್ಸ್) ಅಲ್ಲದ ಕ್ಲಾಸ್ ಬಿ ಬೇಕು. ಸೀಟು ಬಿಚ್ಚಿದ ಮಾತ್ರಕ್ಕೆ ತೂಕದ ನಿಯಮ ತಪ್ಪುವುದಿಲ್ಲ.

“ಸ್ಕೂಲ್ ಬಸ್” ಅಕ್ಷರ ಮುಚ್ಚಿ, ಮಕ್ಕಳನ್ನು ಹತ್ತಿಸಿ ಇಳಿಸುವಾಗ ಮಿನುಗುವ ಕೆಂಪು ದೀಪಗಳ ಫ್ಯೂಸ್ ತೆಗೆದು, ಆಗ ಪಕ್ಕಕ್ಕೆ ಚಾಚುವ ಸ್ಟಾಪ್ ಫಲಕ ಬಿಚ್ಚಿಯೇ ರಸ್ತೆಗಿಳಿಯಿರಿ. ಪೇಂಟರ್ಸ್ ಟೇಪ್ ಹೈವೇ ಗಾಳಿಗೆ ಕಿತ್ತುಹೋಗುತ್ತದೆ, ಅಕ್ಷರದ ಮೇಲೆ ಸ್ಪ್ರೇ ಪೇಂಟ್ ಹೊಡೆಯುವುದೇ ವಾಸಿ.

ಉತ್ತರ (ಮೆಕ್ಯಾನಿಕ್):
ಸ್ಟಾಪ್ ಫಲಕ ಟ್ಯಾಂಕಿನ ಗಾಳಿ ಒತ್ತಡದಿಂದ ತೆರೆಯುವ ಬಗೆಯದಾದರೆ ಪೈಪ್ ಕತ್ತರಿಸಿ ಹಾಗೇ ಬಿಡಬೇಡಿ, ಪ್ಲಗ್ ಹಾಕಿ. ಇಲ್ಲದಿದ್ದರೆ ಮೇಲೆ ಹೇಳಿದ ಗಾಳಿ ಪರೀಕ್ಷೆ ಮಾಡಿದ್ದೆಲ್ಲ ದಂಡ.

ಉತ್ತರ (ಟ್ರಕ್ ಓಡಿಸುವವರು):
ಐ-71ರಲ್ಲಿ ಲೂಯಿವಿಲ್, ಐ-65ರಲ್ಲಿ ನ್ಯಾಶ್‌ವಿಲ್, ಐ-40ರಲ್ಲಿ ಮೆಂಫಿಸ್ ದಾಟಿ ಲಿಟಲ್ ರಾಕ್, ಅಲ್ಲಿಂದ ಐ-30. ದೊಡ್ಡ ಘಟ್ಟ ಇಲ್ಲ. ಆದರೂ ನಿಮ್ಮ ಎಟಿ545 ಗೇರ್‌ಬಾಕ್ಸಿಗೆ ಲಾಕಪ್ (ಎಂಜಿನ್ನನ್ನು ಜಾರದಂತೆ ನೇರ ಜೋಡಿಸುವ ವ್ಯವಸ್ಥೆ) ಇಲ್ಲ, ಓವರ್‌ಡ್ರೈವ್ (ಹೈವೇ ವೇಗದಲ್ಲಿ ಎಂಜಿನ್ ನಿಧಾನ ತಿರುಗಿಸುವ ಗೇರ್) ಇಲ್ಲ. ಏರಿನಲ್ಲಿ ಬೇಗ ಬಿಸಿಯಾಗುತ್ತದೆ, ಇಳಿಜಾರಿನಲ್ಲಿ ಎಂಜಿನ್ ಹಿಡಿತ ಸಿಗುವುದು ಕಡಿಮೆ. ಏರಿಗೆ ಮುಂಚೆಯೇ ಕೆಳಗಿನ ಗೇರಿಗೆ ಹಾಕಿ. ಇಳಿಯುವಾಗ ಗಂಟೆಗೆ 40 ಮೈಲಿ ಮೀರಬಾರದು ಅಂದುಕೊಂಡರೆ, 40 ಮುಟ್ಟಿದಾಗ ಬ್ರೇಕ್ ಗಟ್ಟಿಯಾಗಿ ಒತ್ತಿ 35ಕ್ಕೆ ಇಳಿಸಿ ಪೂರ್ತಿ ಬಿಡಿ, ಮತ್ತೆ ಹಾಗೇ. ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ಇಲ್ಲ.

ಮೊದಲ 50 ಮೈಲಿಗೆ ನಿಲ್ಲಿಸಿ. ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎಲ್ಲ ಹಬ್ ನೋಡಿ. ಒಂದೇ ಒಂದು ಮಿಕ್ಕವಕ್ಕಿಂತ ತುಂಬಾ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಒಣಗಿದೆ, ಮುಂದೆ ಹೋಗಬೇಡಿ. ವೀಲ್ ನಟ್ಟುಗಳನ್ನೂ ನೋಡಿ, ತುಕ್ಕಿನ ಗೆರೆ ಕಂಡರೆ ಸಡಿಲವಾಗಿದೆ.

55ಕ್ಕಿಂತ ಹೆಚ್ಚು ಓಡಿಸುವ ಆಸೆ ಬಿಡಿ, ಮೂರು ದಿನ ಇಟ್ಟುಕೊಳ್ಳಿ. ಗ್ಯಾಲನ್‌ಗೆ 8 ಮೈಲಿ ಅಂತ ಹಿಡಿದರೆ ಡೀಸೆಲ್ ಸುಮಾರು 130 ಗ್ಯಾಲನ್. ಮುಳ್ಳು ನಂಬದೆ 250 ಮೈಲಿಗೊಮ್ಮೆ ತುಂಬಿಸಿ. ಟ್ರಕ್ ಲೇನಿನ ದಪ್ಪ ನಾಝಲ್ ಕೆಲವು ಬಸ್ಸುಗಳ ಟ್ಯಾಂಕಿನ ಬಾಯಿಗೆ ಹಿಡಿಸುವುದಿಲ್ಲ. ತಿರುಗುವಾಗ ಹಿಂದಿನ ಚಕ್ರದಾಚೆಗಿನ ಬಾಲ ಎದುರು ದಿಕ್ಕಿಗೆ ಬೀಸುತ್ತದೆ, ಪಂಪಿನ ಕಂಬಗಳ ಹತ್ತಿರ ಜೋಪಾನ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಟೈರ್ ತಾರೀಕು, ಗಾಳಿ ಪರೀಕ್ಷೆಯ ವಿಡಿಯೋ ಎರಡನ್ನೂ ಮಾರುವವರಿಂದ ಕೇಳುತ್ತೇನೆ. ಬೇರೇನಾದರೂ?

ಉತ್ತರ (ಕಾಗದಪತ್ರದವರು):
ನಿಮ್ಮದು ಎಚ್‌ಒಎ (ಮನೆ ಮಾಲೀಕರ ಸಂಘ) ಇರುವ ಬಡಾವಣೆಯಾದರೆ ನಿಯಮ ಈಗಲೇ ಓದಿ. 35 ಅಡಿ ಹಳದಿ ಬಸ್ಸನ್ನು ಮನೆ ಮುಂದೆ ನಿಲ್ಲಿಸಲು ಬಿಡುವವರು ಕಡಿಮೆ. ಕೆಲಸ ಮಾಡಲು ಬಿಡುವ ಸ್ಟೋರೇಜ್ ಯಾರ್ಡ್ ಗೊತ್ತುಮಾಡಿಕೊಂಡು ಹೊರಡಿ, ಎಷ್ಟೋ ಯಾರ್ಡುಗಳು ಗಾಡಿ ನಿಲ್ಲಿಸಲಷ್ಟೇ ಬಿಡುತ್ತವೆ, ವೆಲ್ಡಿಂಗ್ ಗ್ರೈಂಡಿಂಗ್‌ಗೆ ಒಪ್ಪುವುದಿಲ್ಲ.