ಕುತ್ತಿಗೆಯ ಮೂಳೆ ಸವೆತ: ನಿರಾಕರಿಸಲಾದ ಅಂಗವೈಕಲ್ಯ ಪಿಂಚಣಿಗೆ ಮತ್ತೆ ಅರ್ಜಿ ಹಾಕಬಹುದೇ?

ಪ್ರಶ್ನೆ:
ನಮ್ಮ ತಂದೆಯವರು 24 ವರ್ಷ ಸೇನೆಯಲ್ಲಿ ಭಾರೀ ವಾಹನಗಳ ಚಾಲಕರಾಗಿದ್ದು, 2021ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ಬಿಡುಗಡೆಯ ವೈದ್ಯಕೀಯ ಮಂಡಳಿಯು ಸರ್ವೈಕಲ್ ಸ್ಪಾಂಡಿಲೋಸಿಸ್‌ನಿಂದ (ಕುತ್ತಿಗೆಯ ಮೂಳೆ ಸವೆತದಿಂದ) ಶೇ. 20ರಷ್ಟು ಅಂಗವೈಕಲ್ಯವಿದೆಯೆಂದು ಒಪ್ಪಿದರೂ, ಅದು ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಬರೆದಿದೆ. ಹಾಗಾಗಿ ಅಂಗವೈಕಲ್ಯ ಪಿಂಚಣಿ ನಿರಾಕರಿಸಲಾಗಿದೆ. ಈಗ ದಾರಿಯೇನಾದರೂ ಇದೆಯೇ?

ಉತ್ತರ 1:
ಇದೆ. ಧರ್ಮವೀರ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದಂತೆ, ಸೇರ್ಪಡೆಯ ಸಮಯದ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು. ಹಾಗಲ್ಲವೆಂದು ತೋರಿಸುವ ಹೊಣೆ ಸೇನೆಯದು, ಸೈನಿಕನದಲ್ಲ; ಮತ್ತು ಮಂಡಳಿಯು ಕಾರಣಗಳನ್ನು ದಾಖಲಿಸಲೇಬೇಕು. ಮಂಡಳಿ "ವಯೋಸಹಜ ಸವೆತ" ಎಂದಷ್ಟೇ ಬರೆದಿದ್ದರೆ ಆ ಒಂದೇ ಸಾಲು ಕಾರಣವಾಗಲಾರದು ಎಂಬುದು ನನ್ನ ಅಭಿಪ್ರಾಯ. 2014ರ ರಾಮ್ ಅವತಾರ್ ತೀರ್ಪಿನ ಪ್ರಕಾರ, ಅವಧಿ ಪೂರೈಸಿ ನಿವೃತ್ತರಾದವರಿಗೂ ಶೇ. 20ರ ಅಂಗವೈಕಲ್ಯವನ್ನು ಶೇ. 50ಕ್ಕೆ ಏರಿಸಿ ಪಿಂಚಣಿಯ ಲೆಕ್ಕ ಹಾಕಬೇಕು.

ಉತ್ತರ 2:
ಮೊದಲ ಮೇಲ್ಮನವಿಯ ಆರು ತಿಂಗಳ ಗಡುವು ಮೀರಿದ್ದರೂ ಎದೆಗುಂದಬೇಡಿ. ಪಿಂಚಣಿಯ ನಷ್ಟ ಪ್ರತಿ ತಿಂಗಳೂ ಮುಂದುವರಿಯುವಂಥದ್ದಾದ್ದರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ವಿಳಂಬ ಮನ್ನಿಸುವಂತೆ ಕೋರಬಹುದು. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪು ಹಿಂಬಾಕಿಯನ್ನು ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಿದ್ದರಿಂದ ತಡಮಾಡಿದಷ್ಟೂ ನಷ್ಟವೇ. ಮೊದಲು ಮಂಡಳಿಯ ನಡಾವಳಿಯ ಪ್ರತಿ ತರಿಸಿಕೊಳ್ಳಿ. ಹೊಸ ಎಂಆರ್‌ಐಗೆ ದುಡ್ಡು ಸುರಿಯುವುದಕ್ಕಿಂತ, ಅವರು ಯಾವ ವರ್ಷ, ಯಾವ ಸೇನಾ ನೆಲೆಯಲ್ಲಿದ್ದಾಗ ಕುತ್ತಿಗೆ ನೋವಿಗೆ ಮೊದಲು ಚಿಕಿತ್ಸೆ ಪಡೆದರೆಂಬ ಹಳೆಯ ಚೀಟಿಯೇ ಹೆಚ್ಚು ಬೆಲೆಯುಳ್ಳದ್ದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. 2012ರ ಚಿಕಿತ್ಸಾ ಚೀಟಿಯೊಂದು ಅಪ್ಪನ ಟ್ರಂಕಿನಲ್ಲಿದೆ. ನಡಾವಳಿಗಾಗಿ ನಾಳೆಯೇ ಪತ್ರ ಬರೆಯುತ್ತೇವೆ.